ಒತ್ತಬೇಡಿ: ಸೇಫ್ಟಿ ರೇಜರ್ ಹಿಡಿಯಲು ಕಲಿಯುವವರಿಗೆ

ಸೇಫ್ಟಿ ರೇಜರ್, ಅಂದರೆ ಎರಡಂಚಿನ ಒಂದೇ ಬ್ಲೇಡು ಹಾಕುವ ರೇಜರ್, ಇದರ ಬಗ್ಗೆ ವಿಚಾರಿಸುವವರಲ್ಲಿ ಎರಡು ಥರದವರು ಜಾಸ್ತಿ. ಕೆಲವರಿಗೆ ಕಾರ್ಟ್ರಿಡ್ಜ್‌ಗೆ, ಅಂದರೆ ಹಲವು ಬ್ಲೇಡು ಸೇರಿಸಿದ ಬದಲಿ ತಲೆಗೆ, ದುಡ್ಡು ಹಾಕಿ ಹಾಕಿ ಸಾಕಾಗಿದೆ. ಇನ್ನು ಕೆಲವರಿಗೆ ಶೇವ್ ಮಾಡಿದ ಮರುದಿನವೇ ಕುತ್ತಿಗೆ ತುಂಬ ಕೆಂಪು ಗುಳ್ಳೆ, ಉರಿ, ತುರಿಕೆ. ಇಬ್ಬರಿಗೂ ಈ ರೇಜರ್ ಕೆಲಸಕ್ಕೆ ಬರುತ್ತದೆ. ಆದರೆ ಮೊದಲ ದಿನ ಇಬ್ಬರೂ ಒಂದೇ ಕೆಲಸ ಮಾಡುತ್ತಾರೆ. ಕಾರ್ಟ್ರಿಡ್ಜ್ ಹಿಡಿದ ರೂಢಿಯಲ್ಲೇ ಇದನ್ನೂ ಕೆನ್ನೆಗೆ ಒತ್ತಿ ಎಳೆಯುತ್ತಾರೆ. ನಾಲ್ಕು ಕಡೆ ರಕ್ತ ಬರುತ್ತದೆ. ರೇಜರ್ ಕಪಾಟು ಸೇರುತ್ತದೆ.

ಇಲ್ಲಿ ಕಲಿಯಬೇಕಾದ ದೊಡ್ಡ ಪಾಠ ಒಂದೇ: ಒತ್ತದೆ ಇರುವುದು. ನೊರೆ, ಕೋನ, ದಿಕ್ಕು ಇವೆಲ್ಲ ಒತ್ತಡವಿಲ್ಲದೆ ಕೂದಲು ಕತ್ತರಿಸಲು ಬೇಕಾದ ಏರ್ಪಾಡುಗಳು. ಆದ್ದರಿಂದ ಒಂದೊಂದು ಹಂತ ಹೇಳುವಾಗಲೂ ಈ ಮಾತಿಗೆ ಮತ್ತೆ ಮತ್ತೆ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಕಾರ್ಟ್ರಿಡ್ಜ್‌ನ ತಲೆ ಮುಖದ ಏರುತಗ್ಗಿಗೆ ತಕ್ಕಂತೆ ತಾನೇ ಬಾಗುತ್ತದೆ. ಸ್ವಲ್ಪ ಒತ್ತಿದರೂ ತಡೆದುಕೊಳ್ಳುತ್ತದೆ. ಸೇಫ್ಟಿ ರೇಜರ್‌ನಲ್ಲಿ ಬ್ಲೇಡು ಎರಡು ಲೋಹದ ತಟ್ಟೆಗಳ ನಡುವೆ ಬಿಗಿಯಾಗಿ ಕೂತಿರುತ್ತದೆ. ಅದು ಬಾಗುವುದಿಲ್ಲ. ಬಾಗಬೇಕಾದ್ದು ನಿಮ್ಮ ಕೈ. ಒಂದು ಸಾಧಾರಣ ಲೋಹದ ರೇಜರ್ 70ರಿಂದ 100 ಗ್ರಾಂ ತೂಗುತ್ತದೆ. ಕೂದಲು ಕತ್ತರಿಸಲು ಆ ತೂಕವೇ ಸಾಕು. ಅದರ ಮೇಲೆ ನೀವು ಹಾಕುವ ಪ್ರತಿಯೊಂದು ಚೂರು ಬಲವೂ ಚರ್ಮದ ಮೇಲೆ ಬೀಳುತ್ತದೆ.

ಗುಳ್ಳೆಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೂರು, ಐದು ಬ್ಲೇಡಿನ ಕಾರ್ಟ್ರಿಡ್ಜ್‌ನಲ್ಲಿ ಮೊದಲ ಬ್ಲೇಡು ಕೂದಲನ್ನು ಸ್ವಲ್ಪ ಹೊರಗೆಳೆದು ಕತ್ತರಿಸುತ್ತದೆ. ಅದು ಒಳಗೆ ಸರಿಯುವ ಮೊದಲೇ ಹಿಂದಿನ ಬ್ಲೇಡು ಬಂದು ಮತ್ತೆ ಕತ್ತರಿಸುತ್ತದೆ. ಹೀಗಾಗಿ ಕೂದಲಿನ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಹೋಗಬಹುದು. ಗುಂಗುರು ಗಡ್ಡದವರಿಗೆ ಆ ಚೂಪು ತುದಿ ಮತ್ತೆ ಬೆಳೆಯುವಾಗ ಹೊರಗೆ ಬಾರದೆ ಒಳಗೇ ಚುಚ್ಚಿಕೊಳ್ಳುತ್ತದೆ. ಅದೇ ಗುಳ್ಳೆ. ಒಂಟಿ ಬ್ಲೇಡಿನಲ್ಲಿ ಈ ತೊಂದರೆ ಸಾಮಾನ್ಯವಾಗಿ ಕಡಿಮೆ. ಆದರೆ ಕೀವು ತುಂಬಿದ ಗುಳ್ಳೆ, ಜಾಸ್ತಿ ಮೊಡವೆ ಇದ್ದರೆ ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರೂ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ಈ ಬ್ಲೇಡು ನಿಮಗೆ ಹೊಸದಲ್ಲ

ಎರಡೂ ಕಡೆ ಅಂಚಿರುವ, ನಡುವೆ ಸೀಳಿರುವ ಈ ಬ್ಲೇಡು ಸುಮಾರು 43 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲ. ದಪ್ಪ 0.1 ಮಿಲಿಮೀಟರ್ ಅಷ್ಟೇ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಇಂಥ ಬಿಸಾಡುವ ಬ್ಲೇಡಿನ ರೇಜರನ್ನು 1903ರಲ್ಲಿ ಮಾರಾಟಕ್ಕೆ ತಂದ. ಮೊದಲ ವರ್ಷ ಹೋದದ್ದು 51 ರೇಜರ್, 168 ಬ್ಲೇಡು. 1904ರ ನವೆಂಬರ್ 15ಕ್ಕೆ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕಿಟ್‌ಗೆ ಸೇರಿದ ಮೇಲಂತೂ ಮನೆಯಲ್ಲೇ ಗಡ್ಡ ತೆಗೆಯುವುದು ರೂಢಿಯಾಯಿತು.

ಈಗ ನಮ್ಮೂರಿನ ಕಟಿಂಗ್ ಶಾಪ್‌ಗೆ ಬನ್ನಿ. ಕ್ಷೌರಿಕರು ನಿಮ್ಮ ಕಣ್ಣೆದುರೇ ಪೊಟ್ಟಣದಿಂದ ಹೊಸ ಬ್ಲೇಡು ತೆಗೆದು, ಕಾಗದದ ಸಮೇತ ಉದ್ದಕ್ಕೆ ಮುರಿದು, ಅರ್ಧವನ್ನು ಕತ್ತಿಗೆ ಸಿಕ್ಕಿಸುತ್ತಾರೆ, ಅಲ್ವಾ? ಅದು ಇದೇ ಬ್ಲೇಡು. ನಿಮ್ಮ ಮುಖಕ್ಕೆ ಅದರ ಪರಿಚಯ ಇದೆ. ಇಲ್ಲದಿರುವುದು ನಿಮ್ಮ ಕೈಗೆ ಮಾತ್ರ. ಮುಂದಿನ ಸಲ ಹೋದಾಗ ಅವರ ಕೈ ಗಮನಿಸಿ. ಎಡಗೈ ಚರ್ಮವನ್ನು ಬಿಗಿಯಾಗಿ ಎಳೆದಿರುತ್ತದೆ. ಬಲಗೈಯಲ್ಲಿ ಕತ್ತಿ ಹಗುರವಾಗಿ ಓಡುತ್ತಿರುತ್ತದೆ. ಈ ಲೇಖನ ಹೇಳುವುದರಲ್ಲಿ ಅರ್ಧ ಪಾಠ ಅಲ್ಲೇ ಇದೆ.

ಏನೇನು ಕೊಳ್ಳಬೇಕು

ರೇಜರ್ ಕೊಳ್ಳುವಾಗ ತಲೆಯ ಕೆಳಭಾಗ ನೋಡಿ. ಬ್ಲೇಡಿನ ಅಂಚಿನ ಮುಂದೆ ನೇರವಾದ ಪಟ್ಟಿ ಇದ್ದರೆ ಅದು ಕಲಿಯುವವರಿಗೆ ಸರಿ. ಬಾಚಣಿಗೆಯ ಹಲ್ಲಿನ ಥರ ಇದ್ದರೆ ಅದನ್ನು ಓಪನ್ ಕೋಂಬ್ ಅನ್ನುತ್ತಾರೆ. ಸುಮಾರು ದಿನದ ಗಡ್ಡಕ್ಕೆ ಅದು ಒಳ್ಳೆಯದು, ಮೊದಲ ರೇಜರ್ ಆಗಿ ಬೇಡ. ಜರ್ಮನಿಯ ಮರ್ಕುರ್, ಮ್ಯೂಲೆ ಕಂಪನಿಗಳ, ಚರ್ಮಕ್ಕೆ ಮೃದುವಾದ ಮಾದರಿಗಳು ಹೆಸರುವಾಸಿ, ಆದರೆ ದುಬಾರಿ. ಭಾರತದಲ್ಲೇ ತಯಾರಾಗುವ ಲೋಹದ ರೇಜರ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕಲಿಯಲು ಅವು ಧಾರಾಳ ಸಾಕು. ತೀರಾ ಹಗುರವಾದ ಪ್ಲಾಸ್ಟಿಕ್ ಹಿಡಿಯದ್ದು ಮಾತ್ರ ಬೇಡ. ತೂಕ ಇಲ್ಲದಿದ್ದರೆ ಕೈ ತಾನಾಗಿ ಒತ್ತಲು ಶುರು ಮಾಡುತ್ತದೆ.

ಮನೆಯಲ್ಲಿ ಅಜ್ಜನದೋ ಅಪ್ಪನದೋ ಹಳೆಯ ರೇಜರ್ ಇದೆಯಾ? ಹುಡುಕಿ ತೆಗೆಯಿರಿ. ಇವತ್ತಿನ ಬ್ಲೇಡು ಸಾಮಾನ್ಯವಾಗಿ ಅದಕ್ಕೂ ಸರಿಯಾಗಿ ಕೂರುತ್ತದೆ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಸ್ವಲ್ಪ ಹೊತ್ತು ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಕುದಿಯುವ ನೀರು ಬೇಡ, ಮೇಲಿನ ಲೇಪನ ಹಾಳಾಗಬಹುದು. ತಟ್ಟೆಗಳು ಸೊಟ್ಟಗಾಗಿದ್ದರೆ, ತಿರುಪಿನ ಮರೆ ಸವೆದಿದ್ದರೆ ನೆನಪಿಗೆ ಇಟ್ಟುಕೊಳ್ಳಿ, ಮುಖಕ್ಕೆ ಬೇಡ.

ಬ್ಲೇಡಿನ ಬಗ್ಗೆ ಯಾರ ಮಾತನ್ನೂ ಪೂರ್ತಿ ನಂಬಬೇಡಿ, ನನ್ನದನ್ನೂ ಸೇರಿಸಿ. ಒಬ್ಬರಿಗೆ ಬೆಣ್ಣೆ ಅನಿಸಿದ್ದು ಇನ್ನೊಬ್ಬರಿಗೆ ಕೆರೆಯುತ್ತದೆ. ಗಡ್ಡದ ದಪ್ಪ, ಚರ್ಮ, ರೇಜರ್ ಮೂರೂ ಸೇರಿ ಅದನ್ನು ತೀರ್ಮಾನಿಸುತ್ತವೆ. ಜಪಾನಿನ ಫೆದರ್ ತುಂಬಾ ಹರಿತ, ಅದನ್ನು ಕೈ ಪಳಗಿದ ಮೇಲೆ ನೋಡಿ. ಟೋಪಾಜ್, ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್ ಸ್ವೋರ್ಡ್, ಸೂಪರ್‌ಮ್ಯಾಕ್ಸ್ ಹೀಗೆ ಸಿಗುವ ಮೂರು ನಾಲ್ಕು ಬಗೆಯ ಒಂದೊಂದು ಪೊಟ್ಟಣ ತನ್ನಿ. ಒಂದು ಬ್ಲೇಡಿಗೆ ಕೆಲವೇ ರೂಪಾಯಿ. ಆದರೆ ಮೊದಲ ಎರಡು ಮೂರು ವಾರ ಒಂದೇ ಬಗೆಯದ್ದನ್ನು ಬಳಸಿ. ದಿನಕ್ಕೊಂದು ಬದಲಾಯಿಸಿದರೆ ತಪ್ಪು ಕೈಯದೋ ಬ್ಲೇಡಿನದೋ ಗೊತ್ತಾಗುವುದಿಲ್ಲ.

ಬ್ರಷ್‌ಗೆ ನನ್ನ ಮತ ಸಿಂಥೆಟಿಕ್ ಕಡೆಗೆ. ಬೇಗ ಒಣಗುತ್ತದೆ, ವಾಸನೆ ಹಿಡಿಯುವುದಿಲ್ಲ, ಬೆಲೆ ಕಡಿಮೆ. ಹಂದಿಯ ಕೂದಲಿನ ಬ್ರಷ್ಷೂ ಚೆನ್ನಾಗಿರುತ್ತದೆ, ಆದರೆ ಮೊದಲೇ ನೀರಲ್ಲಿ ನೆನೆಸಿಡಬೇಕು. ಪ್ರಾಣಿಯ ಕೂದಲು ಬೇಡ ಅನ್ನುವ ಮನೆಗಳಿಗೂ ಸಿಂಥೆಟಿಕ್ಕೇ ಸರಿ. ಸೋಪು ಅಥವಾ ಟ್ಯೂಬಿನ ಕ್ರೀಮು ಯಾವುದಾದರೂ ಆಗುತ್ತದೆ. ಡಬ್ಬಿಯಿಂದ ಬುಸ್ಸೆಂದು ಬರುವ ಫೋಮ್ ಮಾತ್ರ ಬಿಡಿ. ಅದರಲ್ಲಿ ಗಾಳಿ ಜಾಸ್ತಿ. ಬ್ರಷ್‌ನಿಂದ ಎಬ್ಬಿಸಿದ ನೊರೆಯಲ್ಲಿ ಜಾರಿದಷ್ಟು ಚೆನ್ನಾಗಿ ಬ್ಲೇಡು ಅದರಲ್ಲಿ ಜಾರುವುದಿಲ್ಲ.

ಕೊನೆಯದಾಗಿ ಒಂದು ತುಂಡು ಪಟಿಕ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಅದರ ಕೆಲಸ ಆಮೇಲೆ ಹೇಳುತ್ತೇನೆ.

ಶುರು ಮಾಡುವ ಮುಂಚೆ: ನಿಮ್ಮ ಗಡ್ಡದ ನಕ್ಷೆ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎರಡು ದಿನ ಗಡ್ಡ ಬಿಡಿ. ಆಮೇಲೆ ಒಣ ಮುಖದ ಮೇಲೆ ಬೆರಳ ತುದಿ ಓಡಿಸಿ. ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಮುಳ್ಳು. ನುಣುಪಾದ ಕಡೆಯೇ ಕೂದಲು ಬೆಳೆದ ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಮೇಲಿನಿಂದ ಕೆಳಗೆ. ದವಡೆ ದಾಟಿದ ಮೇಲೆ ಲೆಕ್ಕ ತಪ್ಪುತ್ತದೆ. ಕುತ್ತಿಗೆಯಲ್ಲಿ ಕೆಲವರಿಗೆ ಕೆಳಗಿನಿಂದ ಮೇಲಕ್ಕೆ, ಕೆಲವರಿಗೆ ಕಿವಿಯ ಕಡೆಗೆ ಅಡ್ಡಡ್ಡ, ಕೆಲವರಿಗೆ ಸುಳಿ. ಎಡ ಬಲ ಒಂದೇ ಥರ ಇರಬೇಕೆಂದೂ ಇಲ್ಲ. ಒಂದು ಚೀಟಿಯಲ್ಲಿ ಮುಖದ ಗೆರೆ ಎಳೆದು ಬಾಣದ ಗುರುತು ಹಾಕಿಕೊಳ್ಳಿ. ಕನ್ನಡಿಯ ಪಕ್ಕ ಅಂಟಿಸಿ. ಕುತ್ತಿಗೆ ಉರಿಗೆ ಪರಿಹಾರ ಹುಡುಕುವವರಿಗೆ ಬಹಳ ಸಲ ಈ ಚೀಟಿಯೇ ಪರಿಹಾರ.

ಬ್ಲೇಡು ಹಾಕುವುದು

ಹೆಚ್ಚಿನ ರೇಜರ್‌ಗಳು ಮೂರು ಭಾಗದವು: ಹಿಡಿ, ಕೆಳತಟ್ಟೆ, ಮೇಲಿನ ಮುಚ್ಚಳ.

1. ಕೈ ಒಣಗಿರಲಿ. ಹಿಡಿಯನ್ನು ತಿರುಗಿಸಿ ಬಿಚ್ಚಿ.
2. ಮುಚ್ಚಳವನ್ನು ಅಂಗಾತ ಇಡಿ. ಬ್ಲೇಡನ್ನು ಗಿಡ್ಡ ಬದಿಗಳಲ್ಲಿ ಹಿಡಿದು ಅದರ ಮೊಳೆಗಳ ಮೇಲೆ ಕೂರಿಸಿ. ಉದ್ದ ಬದಿಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.
3. ಮೇಲೆ ಕೆಳತಟ್ಟೆ ಇಡಿ. ಅದರಲ್ಲಿರುವ ಪಟ್ಟಿಗಳು ಬ್ಲೇಡಿನ ಕಡೆಗೆ ಮುಖ ಮಾಡಿರಬಾರದು, ಹಿಡಿಯ ಕಡೆಗೆ ಇರಬೇಕು.
4. ತಲೆಯನ್ನು ಗಿಡ್ಡ ಬದಿಗಳಲ್ಲೇ ಒತ್ತಿ ಹಿಡಿದು ಹಿಡಿಯನ್ನು ತಿರುಗಿಸಿ. ಬಿಗಿ ಸಾಕು, ಜಗ್ಗಾಡಬೇಡಿ.
5. ಬೆಳಕಿಗೆ ಹಿಡಿದು ನೋಡಿ. ಎರಡೂ ಕಡೆ ಅಂಚು ಒಂದೇ ಸಮ ಇಣುಕಬೇಕು. ಒಂದು ಕಡೆ ಜಾಸ್ತಿ ಕಂಡರೆ ಬಿಚ್ಚಿ ಮತ್ತೆ ಕೂರಿಸಿ.

ಹಿಡಿಯ ಬುಡ ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆಯುವ ಬಟರ್‌ಫ್ಲೈ ರೇಜರ್‌ಗಳೂ ಇವೆ. ಅವುಗಳಲ್ಲಿ ಬ್ಲೇಡು ಹಾಕುವುದು ಸುಲಭ. ಐದನೇ ಹಂತದ ಪರೀಕ್ಷೆ ಅದಕ್ಕೂ ಬೇಕು.

ನೀರು ಮತ್ತು ನೊರೆ

ಒಣ ಕೂದಲು ಗಟ್ಟಿ. ನೀರು ಕುಡಿದ ಕೂದಲು ಮೆತ್ತಗೆ. ಅದು ನೆನೆಯಲು ಎರಡು ಮೂರು ನಿಮಿಷ ಬೇಕು. ಆದ್ದರಿಂದ ಸ್ನಾನ ಆದ ಮೇಲೆ ಶೇವ್ ಮಾಡುವುದು ಕಲಿಯುವವರಿಗೆ ಒಳ್ಳೆಯದು. ಕೆಲವು ಮನೆಗಳಲ್ಲಿ ಗಡ್ಡ ತೆಗೆದ ಮೇಲೆ ಸ್ನಾನ ಮಾಡಬೇಕು ಅನ್ನುವ ಕಟ್ಟುಪಾಡು ಇದೆ. ಅಂಥವರು ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಎರಡು ನಿಮಿಷ ಮುಖಕ್ಕೆ ಹಿಡಿದುಕೊಳ್ಳಿ, ಅದೇ ಕೆಲಸ ಆಗುತ್ತದೆ. ನೀರು ಬೆಚ್ಚಗಿದ್ದರೆ ಸಾಕು, ಸುಡಬಾರದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಣ್ಣೀರೇ ಹಿತ ಅನಿಸಿದರೆ ತಣ್ಣೀರಲ್ಲೇ ಮಾಡಿ. ನೆನೆಯುವ ಸಮಯ ಮಾತ್ರ ಕಡಿಮೆ ಮಾಡಬೇಡಿ.

ನೀರು ಎಲ್ಲಿಯದು ಅನ್ನುವುದೂ ಮುಖ್ಯ. ಬೆಂಗಳೂರಿನಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಮನೆಯವರು "ನಮಗೆ ನೊರೆಯೇ ಬರಲ್ಲ" ಅನ್ನುತ್ತಾರೆ. ಅದು ಗಡಸು ನೀರಿನ ಗುಣ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿ ಆಗುತ್ತವೆ, ನೊರೆ ಆಗುವುದಿಲ್ಲ. ಮುಖ ತೊಳೆಯಲು ಅದೇ ನೀರಿರಲಿ. ನೊರೆಗೆ ಮಾತ್ರ ಅಡುಗೆಮನೆಯ ಆರ್‌ಓ ಫಿಲ್ಟರ್‌ನಿಂದ ಅರ್ಧ ಲೋಟ ನೀರು ತನ್ನಿ. ಸಾದಾ ಫಿಲ್ಟರ್ ಗಡಸುತನ ತೆಗೆಯುವುದಿಲ್ಲ. ಅದೇ ಸೋಪು, ಅದೇ ಬ್ರಷ್, ಆದರೆ ನೊರೆ ಬೇರೆಯದೇ. ಇದನ್ನು ಒಮ್ಮೆ ಮಾಡಿ ನೋಡಲೇಬೇಕು.

ಬ್ರಷ್ ಒದ್ದೆ ಮಾಡಿ ಒಮ್ಮೆ ಕೊಡವಿ. ಒಂದು ಬಟ್ಟಲಿಗೆ ಒಂದೂವರೆ ಸೆಂಟಿಮೀಟರಿನಷ್ಟು ಕ್ರೀಮು ಹಿಂಡಿ, ಬ್ರಷ್‌ನಿಂದ ಸುತ್ತಾ ತಿರುಗಿಸಿ. ಸೋಪಾದರೆ ಅದರ ಮೇಲೇ ಅರ್ಧ ನಿಮಿಷ ಬ್ರಷ್ ಆಡಿಸಿ. ಮೊದಲು ಅಂಟಂಟಾಗಿ ಇರುತ್ತದೆ. ಈಗ ಹನಿ ಹನಿಯಾಗಿ ನೀರು ಸೇರಿಸುತ್ತಾ ತಿರುಗಿಸುತ್ತಿರಿ. ದೊಡ್ಡ ಗುಳ್ಳೆಗಳು ಮಾಯವಾಗಿ, ಹೊಳಪು ಬಂದು, ಕಡೆದ ಮೊಸರಿನ ಹದಕ್ಕೆ ಬರಬೇಕು. ಎರಡು ಬೆರಳ ನಡುವೆ ಉಜ್ಜಿದರೆ ಜಾರಬೇಕು. ಜಾರದೆ ಎಳೆದರೆ ನೀರು ಸಾಲದು. ಸುರಿದು ಹೋದರೆ ನೀರು ಜಾಸ್ತಿ. ಹೊಸಬರಲ್ಲಿ ನಾನು ನೋಡಿದ ತಪ್ಪು ಹೆಚ್ಚಾಗಿ ಮೊದಲನೆಯದು. ಗಟ್ಟಿ ನೊರೆ ನೋಡಲು ಚೆಂದ, ಬ್ಲೇಡಿಗೆ ಅಲ್ಲ. ಬ್ಲೇಡು ತಡೆದು ತಡೆದು ಹೋಗುತ್ತದೆ, ಆಗ ಕೈ ಒತ್ತುತ್ತದೆ. ನೋಡಿ, ಮತ್ತೆ ಅಲ್ಲಿಗೇ ಬಂದೆವು.

ನೊರೆಯನ್ನು ಮುಖಕ್ಕೆ ಸುತ್ತು ಸುತ್ತಾಗಿ ಹಚ್ಚಿ. ಕೂದಲು ಎದ್ದು ನಿಲ್ಲುತ್ತದೆ. ಕೊನೆಗೆ ಬಣ್ಣ ಬಳಿಯುವ ಹಾಗೆ ಮೇಲೆ ಕೆಳಗೆ ಸವರಿ ಸಮ ಮಾಡಿ. ಬಟ್ಟಲಲ್ಲಿ ಇನ್ನೊಂದು ಸುತ್ತಿಗೆ ನೊರೆ ಉಳಿದಿರಲಿ.

ಕೋನ ಹುಡುಕುವುದು

ಫ್ಯಾನು, ರೇಡಿಯೋ, ನಲ್ಲಿ ಎಲ್ಲ ನಿಲ್ಲಿಸಿ. ಕಲಿಯುವಾಗ ಕಿವಿ ಬೇಕು.

ರೇಜರ್ ಹಿಡಿಯ ತುದಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿಯಿರಿ. ಮುಷ್ಟಿ ಕಟ್ಟಬೇಡಿ. ಮುಷ್ಟಿ ಕಟ್ಟಿದ ಕೈಗೆ ಒತ್ತದೆ ಇರಲು ಬರುವುದಿಲ್ಲ. ಕೆನ್ನೆಯ ಮೇಲೆ ರೇಜರಿನ ನೆತ್ತಿಯನ್ನು ಇಡಿ. ಹಿಡಿ ಮುಖದಿಂದ ನೇರ ಹೊರಗೆ ಚಾಚಿಕೊಂಡಿರಲಿ, ನೆಲಕ್ಕೆ ಸಮಾನಾಂತರವಾಗಿ. ಈಗ ಬ್ಲೇಡು ಚರ್ಮಕ್ಕೆ ತಾಗಿಲ್ಲ, ಮುಚ್ಚಳ ಮಾತ್ರ ತಾಗಿದೆ. ಇಲ್ಲಿಂದ ಹಿಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತಾ, ರೇಜರನ್ನು ಕೆಳಮುಖವಾಗಿ ಚೂರೇ ಚೂರು ಜಾರಿಸಿ. ಒಂದು ಹಂತದಲ್ಲಿ ಚರ್ ಚರ್ ಅನ್ನುವ ಸಣ್ಣ ಸದ್ದು ಕೇಳಿಸುತ್ತದೆ. ಅಲ್ಲಿ ನಿಲ್ಲಿಸಿ. ಅದೇ ಕೋನ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ಇರುತ್ತದೆ, ಆದರೆ ಡಿಗ್ರಿ ಅಳೆಯುತ್ತಾ ಕೂರಬೇಡಿ. ಸದ್ದು ನಂಬಿ. ಹಿಡಿಯನ್ನು ಇನ್ನೂ ಇಳಿಸಿದರೆ ಬ್ಲೇಡು ಚರ್ಮವನ್ನೇ ಕೆರೆಯತೊಡಗುತ್ತದೆ. ಸದ್ದು ಪೂರ್ತಿ ನಿಂತರೆ ಒಂದೋ ಅಲ್ಲಿ ಕೂದಲು ಮುಗಿದಿದೆ, ಇಲ್ಲವೇ ಕೋನ ತಪ್ಪಿದೆ.

ಮೊದಲ ದಿನ ಬ್ಲೇಡಿಲ್ಲದೆ, ಬರೀ ನೊರೆ ಹಚ್ಚಿ ಇಡೀ ಮುಖಕ್ಕೆ ರೇಜರ್ ಓಡಿಸಿ ನೋಡುವುದು ಒಳ್ಳೆಯದು. ದವಡೆಯ ತಿರುವಿನಲ್ಲಿ ಕೈ ಹೇಗೆ ತಿರುಗಬೇಕು ಅನ್ನುವುದು ಭಯವಿಲ್ಲದೆ ಗೊತ್ತಾಗುತ್ತದೆ.

ಮೊದಲ ಸುತ್ತು

ಎರಡು ಮೂರು ಸೆಂಟಿಮೀಟರಿನ ಪುಟ್ಟ ಎಳೆತಗಳು. ಕೂದಲು ಬೆಳೆದ ದಿಕ್ಕಿಗೆ ಮಾತ್ರ. ಇನ್ನೊಂದು ಕೈಯಿಂದ ಚರ್ಮ ಬಿಗಿ ಮಾಡಿ. ಎರಡು ಮೂರು ಎಳೆತಕ್ಕೊಮ್ಮೆ ರೇಜರನ್ನು ನೀರಲ್ಲಿ ಆಡಿಸಿ, ಒಂದು ಬದಿ ತುಂಬಿದರೆ ಇನ್ನೊಂದು ಬದಿ ತಿರುಗಿಸಿ. ರೇಜರನ್ನು ಯಾವತ್ತೂ ಅಡ್ಡಕ್ಕೆ, ಅಂದರೆ ಬ್ಲೇಡಿನ ಅಂಚಿನ ಉದ್ದಕ್ಕೆ, ಜಾರಿಸಬೇಡಿ. ಅಡ್ಡ ಹೋದ ಬ್ಲೇಡು ಸೀಳುತ್ತದೆ. ಉದ್ದ ಗೆರೆಯ ಗಾಯಗಳು ಆಗುವುದು ಹಾಗೆಯೇ.

ಕೆನ್ನೆಯಿಂದ ಶುರು ಮಾಡಿ, ಅದು ಚಪ್ಪಟೆ. ಕಿವಿಯ ಬಳಿ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದರೆ ಕೆಲಸ ಸಲೀಸು. ನಿಮಗೆ ಮೊದಲ ವಾರ ಧೈರ್ಯ ಸಾಲದಿದ್ದರೆ ಕೆನ್ನೆಯನ್ನು ಮಾತ್ರ ಇದರಲ್ಲಿ ಮಾಡಿ, ಉಳಿದದ್ದನ್ನು ಹಳೆಯ ರೇಜರಿನಲ್ಲಿ ಮುಗಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೈಗೆ ತೂಕದ ಅಂದಾಜು ಬರಲು ಕೆನ್ನೆಗಿಂತ ಒಳ್ಳೆಯ ಜಾಗ ಇಲ್ಲ.

ದವಡೆಯ ಮೂಳೆಯ ಮೇಲೆ ನೇರವಾಗಿ ಹೋಗಬೇಡಿ. ಅಲ್ಲಿನ ಚರ್ಮವನ್ನು ಬೆರಳಿಂದ ಕೆನ್ನೆಯ ಮೇಲಕ್ಕೆ ಎಳೆದುಕೊಂಡು, ಚಪ್ಪಟೆ ಜಾಗದಲ್ಲಿ ಕೂದಲು ತೆಗೆಯಿರಿ. ಆಮೇಲೆ ಬಿಟ್ಟರೆ ಅದು ತನ್ನ ಜಾಗಕ್ಕೆ ಹೋಗುತ್ತದೆ.

ಕುತ್ತಿಗೆ ಕಷ್ಟದ ಜಾಗ. ಚರ್ಮ ತೆಳು, ಸಡಿಲ, ಕೂದಲಿನ ದಿಕ್ಕು ಅಡ್ಡಾದಿಡ್ಡಿ. ಚೀಟಿ ನೋಡಿ. ಕೂದಲು ಮೇಲಕ್ಕೆ ಬೆಳೆದಿದ್ದರೆ ಮೊದಲ ಸುತ್ತಿನಲ್ಲೇ ರೇಜರ್ ಮೇಲಕ್ಕೆ ಹೋಗಬೇಕು. ಅಡ್ಡ ಬೆಳೆದಿದ್ದರೆ ರೇಜರನ್ನೇ ಅಡ್ಡ ಹಿಡಿದು, ಬ್ಲೇಡಿನ ಮುಖ ಹೋಗುವ ದಿಕ್ಕಿಗೆ ಇರುವಂತೆ ನೋಡಿಕೊಂಡು ಎಳೆಯಿರಿ. ಎಲ್ಲರೂ ಕೆಳಗೆ ಎಳೆಯುತ್ತಾರೆ ಅಂತ ನೀವೂ ಎಳೆದರೆ ಮೊದಲ ಸುತ್ತೇ ಎದುರು ದಿಕ್ಕಿನದಾಗಿಬಿಡುತ್ತದೆ. ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಬೇಡಿ, ಚರ್ಮ ಜಾಸ್ತಿ ಬಿಗಿಯಾಗಿ ಕೂದಲ ಬುಡವೇ ಮೇಲೇಳುತ್ತದೆ. ಸ್ವಲ್ಪ ಎತ್ತಿದರೆ ಸಾಕು. ಗಂಟಲ ಗಂಟಿನ ಮೇಲೆ ಬಂದಾಗ ಅಲ್ಲಿನ ಚರ್ಮವನ್ನು ಬೆರಳಿಂದ ಪಕ್ಕಕ್ಕೆ ಎಳೆದು, ಮೆತ್ತಗಿನ ಜಾಗದಲ್ಲಿ ಎರಡೇ ಎಳೆತದಲ್ಲಿ ಮುಗಿಸಿ.

ಗದ್ದ ಮತ್ತು ಮೇಲ್ತುಟಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಕೂದಲು ದಪ್ಪ, ಅಷ್ಟು ಹೊತ್ತು ನೊರೆಯಲ್ಲಿ ನೆನೆದಿರುತ್ತದೆ. ಕೆಳತುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಎಳೆದುಕೊಂಡರೆ ಗದ್ದ ಚಪ್ಪಟೆಯಾಗುತ್ತದೆ. ಮೇಲ್ತುಟಿಯನ್ನೂ ಹಾಗೇ ಕೆಳಗೆಳೆದು, ಮೂಗಿನ ತುದಿಯನ್ನು ಬೆರಳಿಂದ ಮೇಲೆತ್ತಿ. ಮೀಸೆ ಬಿಡುವವರು ಅಂಚು ಸರಿ ಮಾಡುವಾಗ ಸ್ವಲ್ಪ ಕಷ್ಟಪಡಬೇಕಾಗುತ್ತದೆ. ಈ ರೇಜರಿನ ತಲೆ ದಪ್ಪ, ಅಂಚು ಎಲ್ಲಿ ತಾಗುತ್ತಿದೆ ಅಂತ ಕಾಣುವುದಿಲ್ಲ. ಮೀಸೆಯ ಗೆರೆಗೆ ಸಣ್ಣ ಟ್ರಿಮ್ಮರ್ ಅಥವಾ ಕತ್ತರಿಯೇ ವಾಸಿ. ನರೂಲಿ, ಮಚ್ಚೆ, ಮೊಡವೆಗಳ ಸುತ್ತ ಹೋಗಿ, ಮೇಲೆ ಹೋಗಬೇಡಿ.

ಮೊದಲ ಎರಡು ವಾರ ಇಲ್ಲಿಗೇ ನಿಲ್ಲಿಸಿ. ಕೈಗೆ ಸ್ವಲ್ಪ ಒರಟು ಸಿಗುತ್ತದೆ. ಸಿಗಲಿ. ನೋಡುವವರಿಗೆ ಗೊತ್ತಾಗುವುದಿಲ್ಲ. ಆ ಒರಟನ್ನು ಅಲ್ಲೇ, ಆಗಲೇ ತೆಗೆಯಬೇಕು ಅಂತ ನೊರೆ ಇಲ್ಲದ ಜಾಗಕ್ಕೆ ಮತ್ತೆ ಮತ್ತೆ ಬ್ಲೇಡು ಎಳೆಯುವುದರಿಂದಲೇ ಉರಿ ಬರುವುದು.

ಎರಡನೇ ಸುತ್ತು ಮತ್ತು ಅದರಾಚೆ

ಒಂದೇ ಸುತ್ತಿನಲ್ಲಿ ರಕ್ತವೂ ಉರಿಯೂ ಇಲ್ಲದೆ ಮುಗಿಸಲು ಬಂದ ಮೇಲೆ ಎರಡನೆಯದನ್ನು ಸೇರಿಸಿ. ಮುಖ ಒದ್ದೆ ಮಾಡಿ, ಪೂರ್ತಿ ನೊರೆ ಮತ್ತೆ ಹಚ್ಚಿ. ಈ ಸಲ ಕೂದಲಿನ ದಿಕ್ಕಿಗೆ ಅಡ್ಡವಾಗಿ: ಕಿವಿಯಿಂದ ಮೂಗಿನ ಕಡೆಗೆ, ಅಥವಾ ಮೂಗಿನಿಂದ ಕಿವಿಯ ಕಡೆಗೆ. ಈಗ ಉಳಿದಿರುವುದು ಮೊಳಕೆಯಷ್ಟೇ. ಆದ್ದರಿಂದ ಮೊದಲಿಗಿಂತಲೂ ಹಗುರ ಕೈ ಬೇಕು.

ಎದುರು ದಿಕ್ಕಿನ ಮೂರನೇ ಸುತ್ತಿನಲ್ಲಿ ಕೆನ್ನೆ ಮಗುವಿನ ಕೆನ್ನೆಯಷ್ಟು ನುಣುಪಾಗುತ್ತದೆ ಅನ್ನುವುದು ನಿಜ. ಆದರೆ ಅದು ಎಲ್ಲರಿಗೂ ಒಗ್ಗುವುದಿಲ್ಲ. ಒಳಗೇ ಕೂದಲು ಬೆಳೆಯುವ ತೊಂದರೆ ಇರುವವರು ಕುತ್ತಿಗೆಯಲ್ಲಿ ಅದನ್ನು ಮಾಡಲೇಬೇಡಿ. ಕೆನ್ನೆಗೆ ಎರಡು, ಕುತ್ತಿಗೆಗೆ ಒಂದು ಅಂತ ನಿಲ್ಲಿಸಿದವರೂ ಚೆಂದವಾಗಿಯೇ ಕಾಣುತ್ತಾರೆ.

ಪಟಿಕ ಹೇಳುವ ಸುದ್ದಿ

ಮುಗಿದ ಮೇಲೆ ತಣ್ಣೀರಲ್ಲಿ ಮುಖ ತೊಳೆಯಿರಿ. ಮುಖ ಒದ್ದೆ ಇರುವಾಗಲೇ ಪಟಿಕವನ್ನು ನೀರಲ್ಲಿ ಅದ್ದಿ ಎಲ್ಲ ಕಡೆ ಮೆಲ್ಲಗೆ ಸವರಿ. ಸಣ್ಣ ಚುಕ್ಕೆ ರಕ್ತ ಅದರಿಂದಲೇ ನಿಲ್ಲುತ್ತದೆ. ಕಟಿಂಗ್ ಶಾಪ್‌ಗಳಲ್ಲಿ ಇದನ್ನು ಇಟ್ಟುಕೊಂಡಿರುವುದು ಅದಕ್ಕೇ.

ಕಲಿಯುವವರಿಗೆ ಇದರ ಇನ್ನೊಂದು ಉಪಯೋಗ ಇನ್ನೂ ದೊಡ್ಡದು. ಎಲ್ಲಿ ನೀವು ಒತ್ತಿದ್ದೀರೋ ಅಲ್ಲಿ ಚುರ್ ಅನ್ನುತ್ತದೆ. ಕಣ್ಣಿಗೆ ಕಾಣದ ಗೀರು ಕೂಡ ಇದಕ್ಕೆ ಗೊತ್ತಾಗುತ್ತದೆ. ಎಡ ದವಡೆಯ ಕೆಳಗೆ ಉರಿಯಿತಾ? ನಾಳೆ ಅಲ್ಲಿ ಕೈ ಹಗುರ ಮಾಡಿ, ಕೋನ ಮತ್ತೆ ನೋಡಿ. ಕೆಲವು ವಾರ ಈ ಉರಿಯನ್ನು ಗಮನಿಸುತ್ತಾ ಹೋದರೆ, ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ನಿಮಿಷ ಬಿಟ್ಟು ತೊಳೆದುಬಿಡಿ, ಹಾಗೇ ಬಿಟ್ಟರೆ ಚರ್ಮ ಬಿರುಸಾಗುತ್ತದೆ. ಟವೆಲಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಸ್ವಲ್ಪ ಹಚ್ಚಿದರೆ ಸಾಕು. ಸ್ಪಿರಿಟ್ ಇರುವ ಆಫ್ಟರ್‌ಶೇವ್ ಒಣ ಚರ್ಮದವರಿಗೆ ಬೇಡ. ಸ್ವಲ್ಪ ಆಳದ ಗಾಯವಾದರೆ ಒದ್ದೆ ಹತ್ತಿಯಿಂದ ಎರಡು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಿದರೆ ರಕ್ತ ನಿಲ್ಲುವುದಿಲ್ಲ.

ಗಾಯದ ಬಗೆ ನೋಡಿ ಕಾರಣ ಹೇಳಬಹುದು. ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು ಒತ್ತಡದಿಂದ. ಗೆರೆ ಗಾಯ ಅಡ್ಡ ಜಾರಿದ್ದರಿಂದ. ಇಡೀ ಜಾಗ ಕೆಂಪಾಗಿ ಉರಿದರೆ ಕೋನ ಕಡಿದಾಗಿತ್ತು, ಇಲ್ಲವೇ ಒಂದೇ ಕಡೆ ಜಾಸ್ತಿ ಸಲ ಹೋಗಿದ್ದೀರಿ. ಕೂದಲು ಕಿತ್ತ ಹಾಗೆ ಎಳೆದರೆ ಬ್ಲೇಡು ಮುಗಿದಿದೆ, ಅಥವಾ ನೊರೆ ಒಣಗಿದೆ.

ಬ್ಲೇಡಿನ ಆಯಸ್ಸು, ರೇಜರಿನ ಆರೈಕೆ

ಒಂದು ಬ್ಲೇಡು ಮೂರರಿಂದ ಐದು ಶೇವ್ ಬರುತ್ತದೆ. ಎಳೆಯಲು ಶುರುವಾದ ಕೂಡಲೇ ಬದಲಿಸಿ. ಹಿಂದೆ ಗಾಜಿನ ಲೋಟದ ಒಳಗೆ ತಿಕ್ಕಿ ಮಸೆಯುವ ರೂಢಿ ಇತ್ತು. ಆಗಿನವು ಕಾರ್ಬನ್ ಸ್ಟೀಲ್, ಬೇಗ ತುಕ್ಕು ಹಿಡಿಯುತ್ತಿದ್ದವು. ಸ್ಟೇನ್‌ಲೆಸ್ ಬ್ಲೇಡುಗಳು ಪೇಟೆಗೆ ಹರಡಿದ್ದು 1960ರ ದಶಕದಲ್ಲಿ. ಈಗಿನ ಬ್ಲೇಡಿನ ಅಂಚಿಗೆ ತೆಳು ಲೇಪನ ಇರುತ್ತದೆ. ಮಸೆದರೆ, ಟವೆಲಿನಿಂದ ಒರೆಸಿದರೆ ಅದೇ ಹೋಗುತ್ತದೆ. ನೀರಲ್ಲಿ ಆಡಿಸಿ, ಕೊಡವಿ, ನಿಲ್ಲಿಸಿಡಿ, ಅಷ್ಟೇ. ಬ್ರಷ್ಷನ್ನು ಚೆನ್ನಾಗಿ ತೊಳೆದು ಗಾಳಿಯಾಡುವಲ್ಲಿ ಇಡಿ.

ಬ್ಲೇಡನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಡಿ, ಅಣ್ಣತಮ್ಮ ಆದರೂ, ಅಪ್ಪ ಮಗ ಆದರೂ. ಹೆಪಟೈಟಿಸ್ ಬಿ, ಸಿ ರಕ್ತದ ಮೂಲಕ ಹರಡುವಂಥವು. ರೇಜರ್ ಒಂದೇ ಇದ್ದರೂ ಬ್ಲೇಡು ಬೇರೆ ಇರಬೇಕು, ನಡುವೆ ರೇಜರನ್ನು ತೊಳೆಯಬೇಕು.

ವಿಮಾನದಲ್ಲಿ ಹೋಗುವವರು ಬ್ಲೇಡನ್ನು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಲಗೇಜಿಗೆ ಹಾಕಿ. ಬರೀ ಕೈಚೀಲದಲ್ಲಿ ಹೋಗುವುದಾದರೆ ಹೋದ ಊರಲ್ಲಿ ಕೊಳ್ಳಿ. ಅಮೆರಿಕದಲ್ಲಿರಲಿ, ಜರ್ಮನಿಯಲ್ಲಿರಲಿ, ಬ್ಲೇಡಿನ ಅಳತೆ ಒಂದೇ.

ಮುಗಿದ ಬ್ಲೇಡನ್ನು ಎಲ್ಲಿ ಹಾಕುತ್ತೀರಿ ಅನ್ನುವುದನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಸದ ಬುಟ್ಟಿಗೆ ಬಿಡಿಯಾಗಿ ಎಸೆದ ಬ್ಲೇಡು ಪೌರಕಾರ್ಮಿಕರ ಕೈಗೆ ಸಿಗುತ್ತದೆ, ಚಿಂದಿ ಆಯುವವರ ಬೆರಳಿಗೆ ಸಿಗುತ್ತದೆ, ಬೀದಿಯ ಹಸುವಿನ ಬಾಯಿಗೂ ಸಿಗುತ್ತದೆ. ಒಂದು ತಗಡಿನ ಡಬ್ಬಿ ತೆಗೆದುಕೊಳ್ಳಿ, ಮುಚ್ಚಳಕ್ಕೆ ಬ್ಲೇಡು ತೂರುವಷ್ಟು ಸೀಳು ಮಾಡಿ, ಅಂಚಿಗೆಲ್ಲ ಟೇಪ್ ಸುತ್ತಿ. ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಬ್ಲೇಡುಗಳು ಎಷ್ಟು ತೆಳು ಅಂದರೆ ಒಂದು ಸಣ್ಣ ಡಬ್ಬಿ ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳಿಗೂ ಟೇಪ್ ಅಂಟಿಸಿ, ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ "ಬ್ಲೇಡು ಇದೆ" ಅಂತ ದೊಡ್ಡದಾಗಿ ಬರೆಯಿರಿ. ಕಸದ ಗಾಡಿ ಬಂದಾಗ ಬುಟ್ಟಿಗೆ ಹಾಕದೆ, ಬೇರೆಯಾಗಿ ಕೈಯಲ್ಲಿ ಕೊಟ್ಟು, ಒಳಗೇನಿದೆ ಅಂತ ಬಾಯಲ್ಲಿ ಹೇಳಿ ಕೊಡಿ.